ಹೊಲಿಗೆ ಯಂತ್ರದ ಮುಂದೆ ಕುಳಿತವಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಮ್ಮ ಬೀದಿಯಲ್ಲಿ ಜಾಕೀಟು ಹೊಲಿದು, ಸೀರೆಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಮದುವೆಗೆ ಮೊದಲೂ ಮದುವೆಯಾದ ಮೇಲೆ ಕೆಲವು ವರ್ಷವೂ ಗಾರ್ಮೆಂಟ್ಸ್‌ನಲ್ಲಿದ್ದಳು. ದಿನವಿಡೀ ಅಂಗಿಗೆ ಕಾಲರ್ ಕೂರಿಸುವುದೊಂದೇ ಕೆಲಸ. ಎರಡನೆಯ ಮಗು ಹುಟ್ಟಿತು, ಅತ್ತೆ ಹಾಸಿಗೆ ಹಿಡಿದರು, ಕೆಲಸ ಬಿಟ್ಟಳು. ಒಂದೆರಡು ವರ್ಷ ಸೂಜಿ ಮುಟ್ಟಲಿಲ್ಲ. ಆಮೇಲೆ ಮನೆಗೊಂದು ಯಂತ್ರ ತಂದು ಮಕ್ಕಳಿಗೆ ಲಂಗ, ದಿಂಬಿಗೆ ಚೀಲ ಹೊಲಿದಳು. ಪಕ್ಕದ ಮನೆಯವರು ಬಟ್ಟೆ ತಂದುಕೊಟ್ಟರು. ಈಗ ಹಬ್ಬದ ಹೊತ್ತಿನಲ್ಲಿ ಹೋದರೆ, 'ಹದಿನೈದು ದಿನ ಬಿಟ್ಟು ಬನ್ನಿ ಅಕ್ಕಾ' ಎನ್ನುತ್ತಾಳೆ.

ಅವಳನ್ನು ಎದುರಿಗಿಟ್ಟುಕೊಂಡೇ ಇವತ್ತು ದೇಶದ ಒಂದು ಅಂಕಿಯ ಮಾತನ್ನು ಆಡಬೇಕೆಂದಿದ್ದೇನೆ. ಕಾರ್ಮಿಕ ಬಲದಲ್ಲಿ ಪಾಲ್ಗೊಳ್ಳುವಿಕೆಯ ದರ ಎಂದು ಅದರ ಹೆಸರು. ಹೆಸರು ಭಾರ, ಅರ್ಥ ಹಗುರ. ಹದಿನೈದು ವರ್ಷ ತುಂಬಿದ ನೂರು ಜನರಲ್ಲಿ ಕೆಲಸದಲ್ಲಿರುವವರನ್ನೂ ಕೆಲಸಕ್ಕಾಗಿ ಹುಡುಕುತ್ತಿರುವವರನ್ನೂ ಸಿಕ್ಕರೆ ಮಾಡಲು ಸಿದ್ಧರಿರುವವರನ್ನೂ ಕೂಡಿಸಿದರೆ ಎಷ್ಟಾಗುತ್ತದೆ ಎಂಬುದೇ ಆ ದರ. ಹುಡುಕಿ ಹುಡುಕಿ ಸಾಕಾಗಿ, ಇನ್ನು ಕೆಲಸವೇ ಬೇಡವೆಂದು ಮನೆಯಲ್ಲಿ ಕುಳಿತವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ನಿರುದ್ಯೋಗಿಗಳ ಪಟ್ಟಿಯಲ್ಲಿಯೂ ಇರುವುದಿಲ್ಲ. ನಿರುದ್ಯೋಗ ಇಳಿಯಿತೆಂಬ ಸುದ್ದಿ ಓದಿದಾಗ ನಾನು ಮೊದಲು ಈ ದರವನ್ನೇ ನೋಡುವುದು ಅದಕ್ಕಾಗಿ.

ನಮ್ಮ ದೇಶದ ಗಂಡಸರ ದರದಲ್ಲಿ ಹೇಳುವಂಥ ಕಥೆಯಿಲ್ಲ. 2017-18ರಲ್ಲಿ ಶೇ. 75.8 ಇತ್ತು, 2023-24ರಲ್ಲಿ 78.8 ಆಯಿತು. ಕಥೆಯಿರುವುದೆಲ್ಲ ಹೆಂಗಸರದ್ದು. 2004-05ರಲ್ಲಿ ನೂರಕ್ಕೆ 43ರ ಆಸುಪಾಸಿನಲ್ಲಿದ್ದದ್ದು 2011-12ಕ್ಕೆ ಸುಮಾರು 31ಕ್ಕೆ ಇಳಿಯಿತು. 2017ರಲ್ಲಿ ಇದನ್ನು ಅಳೆಯುವ ಸರ್ಕಾರಿ ಸಮೀಕ್ಷೆಯ ಸ್ವರೂಪವನ್ನೇ ಬದಲಿಸಿ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು ಆರಂಭಿಸಿದರು. ಅದರ ಮೊದಲ ವರ್ಷದ ಅಂಕಿ 23.3. ಅಷ್ಟು ಕೆಳಗೆ ಹೋದದ್ದು ಮತ್ತೆ ಏರತೊಡಗಿತು: 2019-20ರಲ್ಲಿ 30, 2022-23ರಲ್ಲಿ 37, 2023-24ರಲ್ಲಿ 41.7. ಆರೇ ವರ್ಷದಲ್ಲಿ ಹದಿನೆಂಟು ಅಂಶಗಳ ಏರಿಕೆ. ಜನರ ಬದುಕಿಗೆ ಸಂಬಂಧಿಸಿದ ಅಂಕಿಗಳು ಇಷ್ಟು ಬಿರುಸಾಗಿ ಓಡುವುದು ಅಪರೂಪ.

ಇಳಿದದ್ದೇಕೆ? ಹುಡುಗಿಯರು ಹೆಚ್ಚು ವರ್ಷ ಓದುತ್ತಿದ್ದಾರೆ ಎಂದರು. ನಿಜವೇ, ಆದರೆ ಓದಿನ ವಯಸ್ಸು ದಾಟಿದವರೂ ಕೆಲಸ ಬಿಟ್ಟಿದ್ದರು. ಹೊಲಕ್ಕೆ ಯಂತ್ರ ಬಂದು ನಾಟಿ, ಕಳೆ, ಕೊಯ್ಲಿನ ಕೂಲಿ ಕಡಿಮೆಯಾಯಿತು. ಮನೆಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಸೊಸೆಯನ್ನು ಕೂಲಿಗೆ ಕಳಿಸುವುದು ಗೌರವಕ್ಕೆ ಕಡಿಮೆ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ.

ಏರಿದ್ದೇಕೆ ಎಂಬುದು ಹೆಚ್ಚು ತೊಡಕಿನ ಪ್ರಶ್ನೆ. ಇಲ್ಲಿ ನಮ್ಮ ಬೀದಿಯ ಹೆಣ್ಣುಮಗಳ ಹತ್ತಿರ ಹೋಗಬೇಕು.

ಸಮೀಕ್ಷೆಯವರ ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡಂಕಿಯ ಒಂದು ಸಂಕೇತವಿರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಸಂಬಳ ಎಣಿಸುತ್ತಿದ್ದಾಗ ಇವಳು 31. ಕೆಲಸ ಬಿಟ್ಟು ಮಗು, ಅತ್ತೆ, ಅಡುಗೆಮನೆ ಎಂದಾದಾಗ 92. ಸ್ವಂತ ಮಕ್ಕಳಿಗೆ ಲಂಗ ಹೊಲಿದಾಗ 93, ಎಂದರೆ ಮನೆಗೆಲಸದ ಜೊತೆಗೆ ಮನೆ ಬಳಕೆಗೆ ಹೊಲಿಗೆ, ಸೌದೆ ತರುವುದು ಇಂಥದ್ದನ್ನು ಮಾಡುವವಳು. ಪಕ್ಕದ ಮನೆಯವರ ಜಾಕೀಟಿಗೆ ಕಾಸು ತೆಗೆದುಕೊಂಡ ಮೇಲೆ 11, ಸ್ವಯಂ ಉದ್ಯೋಗಿ. ನಾಳೆ ಗಂಡನೇ ಟೈಲರ್ ಅಂಗಡಿ ಇಟ್ಟು, ಇವಳು ಸಂಬಳವಿಲ್ಲದೆ ಗುಂಡಿ, ಕಾಜಾ ನೋಡಿಕೊಂಡರೆ 21. 92, 93 ಆದರೆ ಕಾರ್ಮಿಕ ಬಲದ ಹೊರಗೆ. 31, 11, 21 ಆದರೆ ಒಳಗೆ. ವರ್ಷವಿಡೀ ಮಾಡಬೇಕೆಂದೂ ಇಲ್ಲ. ಮನೆಗೆಲಸವೇ ಮುಖ್ಯವಾಗಿದ್ದರೂ ವರ್ಷದಲ್ಲಿ ಮೂವತ್ತು ದಿನ ಇಂಥ ದುಡಿಮೆ ಮಾಡಿದ್ದರೆ ಸಾಕು, ಅವಳು ಒಳಗೆ ಬರುತ್ತಾಳೆ.

ಹೊಲಿಯುವ ಕೈ ಒಂದೇ, ಸಂಕೇತ ಮಾತ್ರ ಬೇರೆ ಬೇರೆ. ಕೇಳಲು ಬಂದವರು 'ನೀವೇನು ಮಾಡುತ್ತೀರಿ' ಎಂದು ಕೇಳಿ, 'ಏನೂ ಇಲ್ಲ, ಮನೆಯಲ್ಲಿದ್ದೇನೆ' ಎಂಬ ಉತ್ತರವನ್ನು ಬರೆದುಕೊಂಡು ಎದ್ದರೆ 92. ಕಿಟಕಿಯ ಪಕ್ಕದ ಯಂತ್ರ, ಮೇಲೆ ತೂಗುವ ಜಾಕೀಟುಗಳನ್ನು ನೋಡಿ 'ಇವು ಯಾರವಮ್ಮಾ' ಎಂದು ಇನ್ನೊಂದು ಮಾತು ಕೇಳಿದರೆ 11. ಏರಿಕೆಯಲ್ಲಿ ಒಂದು ಪಾಲು ಹೀಗೆ ಚೆನ್ನಾಗಿ ಕೇಳಿದ್ದರಿಂದ ಬಂದದ್ದು ಎನ್ನುವವರಿದ್ದಾರೆ. ಕೊರೊನಾ ಕಾಲದಲ್ಲಿ ಗಂಡಸಿನ ಆದಾಯ ನಿಂತು ಹೆಂಗಸು ಏನಾದರೂ ಹಿಡಿಯಲೇಬೇಕಾಯಿತು ಎನ್ನುವವರಿದ್ದಾರೆ. ನಲ್ಲಿ, ಗ್ಯಾಸ್ ಬಂದು ಕೈ ಬಿಡುವಾಯಿತು ಎನ್ನುವವರೂ ಇದ್ದಾರೆ. ನನಗೆ ಎರಡನೆಯದರ ಕಡೆ ಹೆಚ್ಚು ಒಲವು. ಏಕೆಂದರೆ ದುಡಿಯುವ ಹೆಂಗಸರಲ್ಲಿ ಸ್ವಯಂ ಉದ್ಯೋಗದವರು 2017-18ರಲ್ಲಿ ಶೇ. 51.9 ಇದ್ದರು, 2023-24ಕ್ಕೆ 67.4 ಆದರು. ಈ ಗುಂಪಿನಲ್ಲಿ ಮನೆಯ ಹೊಲ, ಅಂಗಡಿಯಲ್ಲಿ ಕೂಲಿಯಿಲ್ಲದೆ ದುಡಿಯುವವರೂ ಸೇರಿದ್ದಾರೆ. ಇದೇ ಅವಧಿಯಲ್ಲಿ ತಿಂಗಳ ಸಂಬಳದವರು ಶೇ. 21ರಿಂದ 15.9ಕ್ಕೆ ಇಳಿದರು. ದರ ಏರಿತು ಎಂದು ಬೀಗುವವರು ಈ ಸಾಲನ್ನು ಹಾರಿಸಿ ಓದುತ್ತಾರೆ.

ಏರಿದ್ದೂ ಹೆಚ್ಚಾಗಿ ಹಳ್ಳಿಯಲ್ಲಿ. 2023-24ರಲ್ಲಿ ಹಳ್ಳಿಯ ಹೆಂಗಸರ ದರ 47.6, ಪಟ್ಟಣದವರದು 28. ಪಟ್ಟಣದ ಕೆಲಸಕ್ಕೆ ಹೊತ್ತು ಕಟ್ಟುನಿಟ್ಟು, ಮನೆಯ ಕೆಲಸಕ್ಕೆ ಹೊತ್ತೇ ಇಲ್ಲ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ ಕಳೆಯುತ್ತಿದ್ದದ್ದು 299 ನಿಮಿಷ. 2024ಕ್ಕೆ ಅದು 289 ಆಯಿತು. ಐದು ವರ್ಷಕ್ಕೆ ಸಿಕ್ಕ ಬಿಡುವು ಹತ್ತು ನಿಮಿಷ, ಒಂದು ಲೋಟ ಕಾಫಿಗೆ ಸಾಕು.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದೆಗೆದುಕೊಂಡಿತು. ಐವತ್ತೆಂಟರ ತನಕ ಯಂತ್ರದ ಮುಂದೆ ಯಾರಿರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನಿಯಮ ಬರೆದವರಿಗೆ ಗೊತ್ತಿರಲಿಲ್ಲ.

ಮೊನ್ನೆ ಜಾಕೀಟು ತರಲು ಹೋದಾಗ ಇದನ್ನೇ ನೆನಪಿಸಿಕೊಂಡು, ನಿನ್ನ ಪಿಎಫ್ ದುಡ್ಡು ಏನಾಯಿತು ಎಂದು ಕೇಳಿದೆ. 'ಅರ್ಧ ಅತ್ತೆಯ ಔಷಧಿಗೆ ಹೋಯಿತು ಅಕ್ಕಾ. ಉಳಿದ ಅರ್ಧ ಇದು' ಎಂದು ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು.

ನಮಸ್ಕಾರ.