ಕಡಲು ಗುಣಪಡಿಸಿದ ಕುದುರೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸ್‌ಗಳಲ್ಲಿ ನಾವು ನೋಡುವುದು ಮಟ್ಟಸವಾದ ಹಾದಿಯ ಓಟ. ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಸ್ಟೀಪಲ್‌ಚೇಸ್ ಹಾಗಲ್ಲ. ಅಲ್ಲಿ ಕುದುರೆಗಳು 30 ಬೇಲಿಗಳನ್ನು ಹಾರುತ್ತ ನಾಲ್ಕು ಮೈಲಿಗೂ ಮಿಕ್ಕಿದ ದೂರವನ್ನು ಓಡಬೇಕು, ಹಲವು ಕುದುರೆಗಳು ನಡುವೆಯೇ ಬೀಳುತ್ತವೆ. ಈ ಓಟವನ್ನು ಮೂರು ಬಾರಿ ಗೆದ್ದ ಏಕೈಕ ಕುದುರೆಯಾದ ರೆಡ್ ರಮ್ ಒಂದು ಕಾಲದಲ್ಲಿ ಕುಂಟುತ್ತಿತ್ತು ಎಂದರೆ ನಂಬುವುದು ಕಷ್ಟ.

ರೆಡ್ ರಮ್ 1965ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿತು. ತಾಯಿ ಮೇರೆಡ್, ತಂದೆ ಕೋರಮ್. ಇಂಗ್ಲಿಷಿನಲ್ಲಿ ಬರೆದಾಗ (Mared, Quorum) ಇಬ್ಬರ ಹೆಸರಿನ ಕೊನೆಯ ಮೂರು ಮೂರು ಅಕ್ಷರಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟರು. ಕೈಯಿಂದ ಕೈಗೆ ಹೋದ ಈ ಕುದುರೆಯನ್ನು 1972ರಲ್ಲಿ ಜಿಂಜರ್ ಮೆಕೇನ್ ಎಂಬ ತರಬೇತುದಾರರು, ಎಂಬತ್ತು ದಾಟಿದ ನೋಯೆಲ್ ಲೆ ಮೇರ್ ಅವರಿಗಾಗಿ 6,000 ಗಿನಿ (ಪೌಂಡಿಗಿಂತ ತುಸು ಹೆಚ್ಚಿನ ಹಳೆಯ ಇಂಗ್ಲಿಷ್ ಹಣದ ಲೆಕ್ಕ) ಕೊಟ್ಟು ಕೊಂಡರು. ಮೆಕೇನ್ ದೊಡ್ಡ ಲಾಯದ ಒಡೆಯರೇನಲ್ಲ. ಸೌತ್‌ಪೋರ್ಟ್ ಊರಿನಲ್ಲಿ ಟ್ಯಾಕ್ಸಿ ಓಡಿಸಿ, ಕಾರು ಮಾರಿ ಬದುಕಿದವರು, ಅವರ ಲಾಯವಿದ್ದದ್ದು ಕಾರಿನ ಮಳಿಗೆಯ ಹಿಂದೆ. ಮರಳಿನ ಮೇಲೆ ಓಡಿಸಿದಾಗಲೇ ಕುದುರೆ ಕುಂಟುವುದು ಅವರ ಕಣ್ಣಿಗೆ ಬಿತ್ತು. ಗೊರಸಿನೊಳಗಿನ ಎಲುಬಿಗೆ ಉರಿಯೂತವಿತ್ತು, ಸಾಮಾನ್ಯವಾಗಿ ಓಟದ ಕುದುರೆಯ ಬಾಳನ್ನು ಮುಗಿಸಿಬಿಡುವ ಬೇನೆ ಅದು. ಮೆಕೇನ್ ಅದನ್ನು ಹಿಡಿದು ಸಮುದ್ರದ ನೀರಿಗಿಳಿಸಿದರು. ತಣ್ಣನೆಯ ಉಪ್ಪುನೀರೂ ಮೆತ್ತನೆಯ ಮರಳೂ ಸೇರಿ ಆ ಕಾಲುಗಳನ್ನು ಕಾಪಾಡಿದವು. ಪಶುವೈದ್ಯರಿಗಿಂತ ಮೊದಲು ಕಡಲಿಗೆ ಈ ಗೆಲುವಿನಲ್ಲಿ ಪಾಲು ಸಲ್ಲಬೇಕೆಂಬುದು ನನ್ನ ಅನಿಸಿಕೆ.

1973ರ ಓಟದಲ್ಲಿ ಆಸ್ಟ್ರೇಲಿಯದ ಕ್ರಿಸ್ಪ್, ಕೊನೆಯ ಬೇಲಿಯಲ್ಲೂ ಸುಮಾರು 15 ಕುದುರೆಯುದ್ದ ಮುಂದಿತ್ತು. ಆದರೆ ಈ ಓಟದಲ್ಲಿ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ; ಅದು ಹೊತ್ತಿದ್ದ ತೂಕ 12 ಸ್ಟೋನ್ (ಒಂದು ಸ್ಟೋನ್ ಎಂದರೆ 14 ಪೌಂಡು), ರೆಡ್ ರಮ್ ಹೊತ್ತದ್ದಕ್ಕಿಂತ 23 ಪೌಂಡು ಹೆಚ್ಚು. ದಣಿದ ಕ್ರಿಸ್ಪನ್ನು ಗೆರೆಯ ಹತ್ತಿರದಲ್ಲಿ ಹಿಂದಿಕ್ಕಿ ರೆಡ್ ರಮ್ ಮುಕ್ಕಾಲು ಉದ್ದದ ಅಂತರದಿಂದ, ಅಂದಿನವರೆಗಿನ ದಾಖಲೆಯನ್ನು ಮುರಿದು ಗೆದ್ದಿತು. ಅಂದು ಸೋತ ಕುದುರೆಗಾಗಿ ಮರುಗಿದವರೇ ಹೆಚ್ಚು; ಗೆದ್ದದ್ದಕ್ಕೆ ಹಗುರ ಹೊರೆಯ ಅದೃಷ್ಟವೆಂದರು. ಮರುವರ್ಷ ಅದೇ 12 ಸ್ಟೋನ್ ಹೊತ್ತು ರೆಡ್ ರಮ್ ಮತ್ತೆ ಗೆದ್ದಾಗ ಆ ಮಾತು ನಿಂತಿತು. 1975 ಮತ್ತು 1976ರಲ್ಲಿ ಎರಡನೆಯ ಸ್ಥಾನ ಸಿಕ್ಕಿತು. ಇನ್ನು ವಯಸ್ಸಾಯಿತೆಂದು ಎಲ್ಲರೂ ತೀರ್ಮಾನಿಸಿದ್ದ 1977ರಲ್ಲಿ, ಸವಾರ ಟಾಮಿ ಸ್ಟ್ಯಾಕ್ ಜೊತೆಗೆ, 12 ವರ್ಷದ ಕುದುರೆ 25 ಉದ್ದಗಳ ಅಂತರದಿಂದ ಗೆದ್ದಿತು.

ಅದೇ ವರ್ಷ ಬಿಬಿಸಿ ಅದನ್ನು ಸ್ಟುಡಿಯೊದೊಳಗೇ ಕರೆತಂದಿತು. ಬೇರೆಡೆಯಿಂದ ಮಾತನಾಡಿದ ಸ್ಟ್ಯಾಕ್ ಅವರ ದನಿ ಕೇಳಿದೊಡನೆ ಕುದುರೆ ಕಿವಿ ನಿಮಿರಿಸಿತು, ನೆರೆದವರು ಮನಸೋತರು. 1978ರಲ್ಲಿ ಓಟದ ಮುನ್ನಾದಿನ ಕಾಲಿನ ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಕುದುರೆಯ ಓಟ ನಿಂತಿತು, ಜನರ ನಂಟು ನಿಲ್ಲಲಿಲ್ಲ: ಅಂಗಡಿಗಳ ಉದ್ಘಾಟನೆಗೂ ಕುದುರೆಯನ್ನೇ ಕರೆಯುತ್ತಿದ್ದರು.

1995ರ ಅಕ್ಟೋಬರ್ 18ರಂದು, 30ನೆಯ ವಯಸ್ಸಿನಲ್ಲಿ ರೆಡ್ ರಮ್ ತೀರಿಕೊಂಡಿತು. ಅದನ್ನು ಏಂಟ್ರಿಯ ಗೆಲುವಿನ ಕಂಬದ ಬಳಿಯೇ ಹೂಳಿದರು. 1967ರಲ್ಲಿ, ಬೇಲಿಗಳಿಲ್ಲದ ಒಂದು ಸಣ್ಣ ಓಟದಲ್ಲಿ, ಅದು ಮೊಟ್ಟಮೊದಲು ಓಡಿ ಜಂಟಿ ಗೆಲುವು ಪಡೆದದ್ದೂ ಅದೇ ಏಂಟ್ರಿಯಲ್ಲಿ.