ಬಿಚ್ಚುವ ಮೊದಲು ಅಳೆಯಿರಿ: ಗಾಲ್ಫ್ ಕಾರ್ಟಿನ ವಿದ್ಯುತ್ ದೋಷಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಗಾಲ್ಫ್ ಮೈದಾನಕ್ಕೆಂದು ತಯಾರಾದ ಬ್ಯಾಟರಿ ಕಾರ್ಟು ಇಂದು ಉದ್ಯಾನಗಳಲ್ಲೂ ಆಸ್ಪತ್ರೆಗಳ ಆವರಣಗಳಲ್ಲೂ ಜನರನ್ನು ಕೂರಿಸಿಕೊಂಡು ಓಡಾಡುತ್ತಿದೆ. ಅದನ್ನು ದಿನವೂ ಓಡಿಸುವವರು, ರಾತ್ರಿ ಚಾರ್ಜಿಗೆ ಹಾಕುವವರು, ಕೆಟ್ಟಾಗ ಸೀಟು ಎತ್ತಿ ಒಳಗೆ ನೋಡುವವರು ನನ್ನ ಮುಂದೆ ಕುಳಿತಿದ್ದೀರೆಂದು ಭಾವಿಸಿ ಮಾತನಾಡುತ್ತೇನೆ. ಈ ಕೆಲವು ನಿಮಿಷಗಳಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು: ಬಿಚ್ಚುವ ಮೊದಲು ಅಳೆಯಿರಿ. ಅದರಲ್ಲೂ ಮೊದಲು ಬ್ಯಾಟರಿಗಳನ್ನು ಅಳೆಯಿರಿ.

ಸೀಟಿನ ಕೆಳಗೆ ಸಾಲಾಗಿ ಜೋಡಿಸಿದ ಬ್ಯಾಟರಿಗಳಿರುತ್ತವೆ. ಎಂಟು ವೋಲ್ಟಿನ ಆರು ಬ್ಯಾಟರಿ ಸೇರಿದರೆ 48 ವೋಲ್ಟು, ಆರು ವೋಲ್ಟಿನ ಆರು ಸೇರಿದರೆ 36 ವೋಲ್ಟು. ಒಂದರ ಪ್ಲಸ್ಸಿನಿಂದ ಮುಂದಿನದರ ಮೈನಸ್ಸಿಗೆ ಕೇಬಲ್ ಹೋಗಿರುವುದರಿಂದ, ಮೋಟಾರಿಗೆ ಹೋಗುವ ವಿದ್ಯುತ್ ಪ್ರತಿಯೊಂದು ಬ್ಯಾಟರಿಯನ್ನೂ ಪ್ರತಿಯೊಂದು ಲಗ್ಗನ್ನೂ, ಅಂದರೆ ಕೇಬಲ್ಲಿನ ತುದಿಯನ್ನು ಬ್ಯಾಟರಿಗೆ ಜೋಡಿಸುವ ಲೋಹದ ತುಂಡನ್ನೂ, ಹಾದೇ ಹೋಗಬೇಕು. ಹೀಗಾಗಿ ಆರರಲ್ಲಿ ಒಂದು ಸೋತರೂ ಇಡೀ ಸಾಲು ಸೋತಂತೆ. ಈ ಮಾತು ಮನಸ್ಸಿನಲ್ಲಿರಲಿ, ಏಕೆಂದರೆ ಈಗ ಹೇಳುವ ಪ್ರಸಂಗವೆಲ್ಲ ನಿಂತಿರುವುದು ಇದರ ಮೇಲೆಯೇ.

ಒಮ್ಮೆ ನನ್ನನ್ನು ಒಂದು 48 ವೋಲ್ಟಿನ ಕಾರ್ಟು ನೋಡಲು ಕರೆದಿದ್ದರು. ಸಮತಟ್ಟಾದ ದಾರಿಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ನಾಲ್ಕು ಜನ ಕುಳಿತು ಏರು ಹತ್ತುವಾಗ ಮಾತ್ರ ನಡುವೆಯೇ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು, ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಮತ್ತೆ ಹೊರಡುತ್ತಿತ್ತು. ನಾನು ಹೋಗುವಷ್ಟರಲ್ಲಿ ಸೊಲೆನಾಯ್ಡ್, ಅಂದರೆ ಪೆಡಲ್ ಒತ್ತಿದಾಗ ಬ್ಯಾಟರಿಯ ವಿದ್ಯುತ್ತನ್ನು ಮುಂದಕ್ಕೆ ಬಿಡುವ ದೊಡ್ಡ ಸ್ವಿಚ್ಚು, ಬದಲಾಗಿತ್ತು, ಮೋಟಾರಿಗೆ ಎಷ್ಟು ವಿದ್ಯುತ್ ಹೋಗಬೇಕೆಂದು ನಿಯಂತ್ರಿಸುವ ಕಂಟ್ರೋಲರ್ ಬದಲಾಗಿತ್ತು, ಮೋಟಾರನ್ನು ಇಳಿಸಲು ಬೋಲ್ಟುಗಳನ್ನೂ ಸಡಿಲಿಸಿದ್ದರು. ಆರು ಬ್ಯಾಟರಿಗಳ ವೋಲ್ಟೇಜನ್ನು ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದೆ. ಎಲ್ಲಿಯೂ ಬರೆದಿರಲಿಲ್ಲ. ಒಟ್ಟು ವೋಲ್ಟೇಜು ಐವತ್ತರ ಮೇಲಿದೆ, ಬ್ಯಾಟರಿ ಸರಿಯಾಗಿದೆ ಎಂದರು.

ನಿಂತ ಗಾಡಿಯಲ್ಲಿ ಅಳೆದರೆ ಅವರು ಹೇಳಿದ್ದು ನಿಜವೇ. ಪೂರ್ತಿ ಚಾರ್ಜಾಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಎಂಟು ವೋಲ್ಟಿನ ಬ್ಯಾಟರಿ ಸುಮಾರು 8.5 ವೋಲ್ಟು ತೋರಿಸಬೇಕು. ಐದು ಬ್ಯಾಟರಿಗಳು ಅಷ್ಟೇ ತೋರಿಸಿದವು, ಆರನೆಯದು 8.3 ತೋರಿಸಿತು. ಆ ಅಲ್ಪ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೋಟಾರಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ, ಮೀಟರಿನ ತಂತಿಗಳಿಗೆ ಕ್ಲಿಪ್ ಹಾಕಿ ಮೊದಲನೆಯ ಬ್ಯಾಟರಿಗೆ ಕಚ್ಚಿಸಿ, ಅದೇ ನಾಲ್ಕು ಜನರನ್ನು ಕೂರಿಸಿ ಅದೇ ಏರು ಹತ್ತಿಸಿದೆ. ಬಳಿಕ ಕೆಳಗಿಳಿದು ಎರಡನೆಯದಕ್ಕೆ ಕಚ್ಚಿಸಿ ಮತ್ತೆ ಹತ್ತಿಸಿದೆ. ಹೀಗೆ ಆರು ಸಲ. ಮೂರನೆಯ ಸಲಕ್ಕೇ ಕುಳಿತವರಿಗೆ ಬೇಸರ ಬಂದಿತ್ತು, ನಾನು ಬಿಡಲಿಲ್ಲ. ಐದು ಬ್ಯಾಟರಿಗಳು ಏರಿನ ನಡುವೆ ಏಳೂವರೆ ವೋಲ್ಟಿನ ಆಸುಪಾಸಿನಲ್ಲಿ ನಿಂತವು. ಆರನೆಯದು ಎಲ್ಲರೂ ನೋಡುತ್ತಿದ್ದಂತೆಯೇ ಮೂರು ವೋಲ್ಟಿಗೆ ಕುಸಿಯಿತು, ಗಾಡಿ ನಿಂತಿತು. ಒಟ್ಟು ವೋಲ್ಟೇಜು ನಲವತ್ತರ ಬಳಿಗೆ ಬಿದ್ದಾಗ ಕಂಟ್ರೋಲರ್ ತನ್ನ ಕರ್ತವ್ಯದಂತೆ ವಿದ್ಯುತ್ತನ್ನು ತಡೆದಿತ್ತು. ಹತ್ತು ನಿಮಿಷದಲ್ಲಿ ಆ ಬ್ಯಾಟರಿ ಮತ್ತೆ ಎಂಟು ವೋಲ್ಟು ತೋರಿಸುತ್ತಿತ್ತು. ವಿಶ್ರಾಂತಿಯ ಬಳಿಕ ಗಾಡಿ ಹೊರಡುತ್ತಿದ್ದುದರ ಗುಟ್ಟು ಇದೇ.

ಅದರ ಮುಚ್ಚಳ ತೆಗೆದು ನೋಡಿದಾಗ ಒಳಗಿನ ನಾಲ್ಕು ಸೆಲ್ಲುಗಳಲ್ಲಿ, ಅಂದರೆ ಬ್ಯಾಟರಿಯ ನಾಲ್ಕು ಕೋಣೆಗಳಲ್ಲಿ, ಎರಡರ ನೀರು ಪ್ಲೇಟುಗಳಿಂದ ಕೆಳಗಿಳಿದಿತ್ತು. ಆ ಬ್ಯಾಟರಿ ಇದ್ದದ್ದು ಚೌಕಟ್ಟಿನ ಅಡ್ಡಪಟ್ಟಿಯ ಕೆಳಗಿನ ಮೂಲೆಯಲ್ಲಿ, ಅಲ್ಲಿಗೆ ಕೈ ಹೋಗುವುದು ಕಷ್ಟ. ನೀರು ಹಾಕುವವರು ಐದಕ್ಕೆ ಹಾಕಿ ಆರನೆಯದನ್ನು ಬಿಡುತ್ತಿದ್ದರು. ಉಳಿದ ಐದು ಒಂದು ವರ್ಷದೊಳಗಿನವಾದ್ದರಿಂದ ಅದೇ ಅಳತೆಯ ಒಂದು ಬ್ಯಾಟರಿ ಬದಲಿಸಿದೆವು, ಏರಿನ ತೊಂದರೆ ಮತ್ತೆ ಬರಲಿಲ್ಲ. ಸಾಲೇ ಹಳೆಯದಾಗಿದ್ದರೆ ಒಂದನ್ನು ಬದಲಿಸಿ ಪ್ರಯೋಜನವಿಲ್ಲ, ಆರನ್ನೂ ಬದಲಿಸಬೇಕು.

ಈ ಪ್ರಸಂಗಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಆದರೂ ಅದನ್ನು ಮೊಟಕು ಮಾಡುವ ಮನಸ್ಸು ನನಗಿಲ್ಲ. ನಿಂತ ಗಾಡಿಯ ವೋಲ್ಟೇಜು ಅರ್ಧ ಸತ್ಯ. ಭಾರ ಬಿದ್ದಾಗಿನ ವೋಲ್ಟೇಜೇ ಪೂರ್ಣ ಸತ್ಯ. ಒಂದೊಂದೇ ಬ್ಯಾಟರಿಯನ್ನು, ಭಾರ ಹೊರುತ್ತಿರುವಾಗ, ಅಳೆಯಿರಿ.

ಆರೂ ಬ್ಯಾಟರಿಗಳು ಸರಿಯಿದ್ದು ಗಾಡಿ ಅಲುಗದಿದ್ದರೆ ಕಿವಿ ಕೊಡಿ. ಕೀಲಿ ತಿರುಗಿಸಿ ಪೆಡಲ್ ಒತ್ತಿದಾಗ ಸೊಲೆನಾಯ್ಡ್ 'ಟಕ್' ಎನ್ನಬೇಕು. ಸದ್ದು ಬಾರದಿದ್ದರೆ ದೋಷ ಸಣ್ಣ ತಂತಿಗಳ ಕಡೆಗಿದೆ: ಫ್ಯೂಸ್, ಕೀಲಿ, ಮುಂದೆ-ಹಿಂದೆ ಮಾಡುವ ಸ್ವಿಚ್ಚು, ಪೆಡಲಿನೊಳಗಿನ ಪುಟ್ಟ ಸ್ವಿಚ್ಚು. ಸದ್ದು ಬಂದೂ ಗಾಡಿ ಹೊರಡದಿದ್ದರೆ ದೋಷ ದಪ್ಪ ಕೇಬಲ್ಲುಗಳ ಕಡೆಗಿದೆ. ಆಗ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಸೊಲೆನಾಯ್ಡಿನ ಎರಡು ದೊಡ್ಡ ತುದಿಗಳ ನಡುವೆ ಮೀಟರ್ ಹಿಡಿಯಿರಿ. ಪೆಡಲ್ ಒತ್ತಿದೊಡನೆ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಸದ್ದಾದರೂ 48 ವೋಲ್ಟು ಹಾಗೆಯೇ ನಿಂತಿದ್ದರೆ ಒಳಗಿನ ಸಂಪರ್ಕ ಸುಟ್ಟಿದೆ, ಸೊಲೆನಾಯ್ಡನ್ನು ಬದಲಿಸಿ. ಅಂಕಿ ಇಳಿದಿದ್ದರೆ ಮಾತ್ರ ಕಂಟ್ರೋಲರ್ ಮತ್ತು ಮೋಟಾರಿನ ವಿಚಾರಕ್ಕೆ ಹೋಗಿ.

ಚಾರ್ಜರ್ ಕೆಲಸ ಮಾಡುತ್ತಿಲ್ಲ ಎಂದು ಹೇಳುವವರಿಗೂ ನನ್ನ ಉತ್ತರ ಅದೇ, ಬ್ಯಾಟರಿಗಳನ್ನು ಅಳೆಯಿರಿ. ಸಾಲು ತೀರಾ ಬರಿದಾಗಿದ್ದರೆ ಎಷ್ಟೋ ಸ್ವಯಂಚಾಲಿತ ಚಾರ್ಜರುಗಳು ಆರಂಭವಾಗುವುದೇ ಇಲ್ಲ, ಅವುಗಳಲ್ಲಿ ದೋಷವಿರುವುದಿಲ್ಲ. ಲಗ್ಗುಗಳ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಂಡರೆ ಬ್ಯಾಟರಿ ಮುಚ್ಚಳಗಳನ್ನು ಬಿಗಿಯಾಗಿ ಮುಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸಿ. ಆ ನೀರು ಸೆಲ್ಲಿನೊಳಗೆ ಹೋಗಬಾರದು. ಏರು ಹತ್ತಿ ಬಂದ ಮೇಲೆ ಒಂದು ಲಗ್ಗು ಮಾತ್ರ ಬಿಸಿಯಾಗಿದ್ದರೆ ಆ ಜೋಡಣೆ ಸಡಿಲವಾಗಿದೆ.

ಇನ್ನು ಸುರಕ್ಷತೆಯ ಮಾತು. ಕೈಯ ಉಂಗುರ, ಕಡಗ, ವಾಚು ಮೊದಲೇ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಎರಡು ತುದಿಗಳಿಗೆ ಲೋಹ ಒಮ್ಮೆ ತಗುಲಿದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಹತ್ತಿರ ಬೆಂಕಿ ಬೇಡ, ಕಿಡಿ ಬೇಡ. ಕೇಬಲ್ ತೆಗೆಯುವ ಮೊದಲು, ಗಾಡಿಯಲ್ಲಿ 'ಟೋ' (ಎಳೆದೊಯ್ಯುವಾಗಿನ ಸ್ಥಾನ) ಎಂಬ ಸ್ವಿಚ್ಚಿದ್ದರೆ ಅದನ್ನು ಆ ಸ್ಥಾನಕ್ಕೆ ತಿರುಗಿಸಿ.

ಸಮಯವಾಗುತ್ತಿದೆಯೆಂದು ಸೂಚನೆ ಬರುತ್ತಿದೆ. ನೀರಿನ ವಿಚಾರವನ್ನು ಮಾತ್ರ ಹೇಳಿಬಿಡುತ್ತೇನೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಚಾರ್ಜ್ ಮುಗಿದ ಮೇಲೆ ಹಾಕಿ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಚಾರ್ಜಿಗೆ ಮೊದಲು ಅದು ಮುಳುಗುವಷ್ಟು ಹಾಕಿ. ಕೈ ಹೋಗದ ಮೂಲೆಯಲ್ಲಿರುವ ಬ್ಯಾಟರಿಯ ಮುಚ್ಚಳವನ್ನು ದಯವಿಟ್ಟು ಮೊದಲು ತೆಗೆಯಿರಿ. ನಮಸ್ಕಾರ.