ವೋಜ್ ಬೆಟ್ಟದ ಮರೆಯಲ್ಲಿ

ಕೇಳುಗರಿಗೆ ನಮಸ್ಕಾರ.

1674ರ ಡಿಸೆಂಬರ್ ತಿಂಗಳು. ರೈನ್ ನದಿಯ ಪಡುವಣ ದಡದ ಅಲ್ಸಾಸ್ ಸೀಮೆಯಲ್ಲಿ ಜರ್ಮನ್ ಚಕ್ರವರ್ತಿಯ ಕಡೆಯ ಸೈನ್ಯ ಊರೂರಿಗೆ ಹಂಚಿಹೋಗಿ ಬೀಡುಬಿಟ್ಟಿತ್ತು. ದಾರಿಯೆಲ್ಲ ಹಿಮ, ಕುದುರೆಗೆ ಮೇವಿಲ್ಲ. ಚಳಿಗಾಲಕ್ಕೆ ಯುದ್ಧ ನಿಲ್ಲಿಸುವುದು ಆ ಕಾಲದ ರೂಢಿ. ಫ್ರೆಂಚ್ ದಂಡನಾಯಕ ಟ್ಯುರೆನ್ ಕೂಡ ಬೆಟ್ಟ ದಾಟಿ ಲೊರೇನ್ ಕಡೆಗೆ ಸರಿದುಬಿಟ್ಟಿದ್ದ. ಇನ್ನು ವಸಂತದವರೆಗೆ ಭಯವಿಲ್ಲವೆಂದು ಎದುರಾಳಿಗಳು ನಿಶ್ಚಿಂತರಾದರು.

ಟ್ಯುರೆನ್‌ಗೆ ಆಗ 63 ವರ್ಷ. ದಂಡನ್ನು ಚಿಕ್ಕ ಚಿಕ್ಕ ತುಕಡಿಗಳಾಗಿ ಒಡೆದ. ವೋಜ್ ಬೆಟ್ಟಸಾಲಿನ ಮರೆಯಲ್ಲೇ ಬೇರೆ ಬೇರೆ ದಾರಿ ಹಿಡಿಸಿ ತೆಂಕಣಕ್ಕೆ ನಡೆಸಿದ. ಹಿಮ ತುಳಿದು ಬಂದ ಆ ತುಕಡಿಗಳೆಲ್ಲ ಬೆಲ್‌ಫೋರ್ ಬಳಿ ಕೂಡಿಕೊಂಡವು. ಡಿಸೆಂಬರ್ 29ರಂದು ಮ್ಯೂಲೂಜ್‌ನಲ್ಲಿ ಶತ್ರುವಿನ ಕುದುರೆದಳ ಚದುರಿತು. 1675ರ ಜನವರಿ 5ರಂದು ಟುರ್ಕ್‌ಹೈಮ್‌ನಲ್ಲಿ ಎದುರಿಗೆ ಒಂದು ಪಡೆ ತೋರಿಸಿ, ತಾನು ಬೆಟ್ಟದ ಬದಿಯಿಂದ ಬಂದು ಪಕ್ಕೆಗೆ ಎರಗಿದ. ಚಕ್ರವರ್ತಿಯ ಸೈನ್ಯ ರೈನ್ ದಾಟಿ ಹಿಂದಕ್ಕೆ ಹೋಯಿತು.

ಹಂಚಿಹೋದ ಶತ್ರುವಿನ ಮೇಲೆ ಥಟ್ಟನೆ ಬೀಳುವ ಈ ಉಪಾಯ ಎಲ್ಲಿಂದ ಬಂತು? ನನಗೆ ಅನ್ನಿಸುವುದು, ಅವನ ಹಳೆಯ ಸೋಲಿನಿಂದ. 1645ರ ಮೇ ತಿಂಗಳಲ್ಲಿ, ಮಾರ್ಷಲ್ ಪದವಿ ಸಿಕ್ಕಿ ಎರಡು ವರ್ಷವೂ ತುಂಬಿರದಾಗ, ಮೇವಿಗಾಗಿ ತನ್ನ ದಂಡನ್ನು ಹಳ್ಳಿಗಳಿಗೆ ಚದುರಿಸಿದ್ದ. ಬವೇರಿಯದ ಸೇನಾನಿ ಮೆರ್ಸಿ ಮೆರ್ಗೆಂಟ್‌ಹೈಮ್ ಬಳಿ ಥಟ್ಟನೆ ಮೇಲೆಬಿದ್ದು ಪಡೆಯನ್ನು ನುಚ್ಚುನೂರು ಮಾಡಿದ. ಚದುರಿದ ಸೈನ್ಯಕ್ಕೆ ಏನಾಗುತ್ತದೆಂದು ಟ್ಯುರೆನ್ ಮೈಮೇಲೆ ಬರೆ ಹಾಕಿಸಿಕೊಂಡು ಕಲಿತವನು.

ಹುಟ್ಟಿದ್ದು 1611ರಲ್ಲಿ, ಸೆಡಾನ್‌ನ ಪ್ರೊಟೆಸ್ಟಂಟ್ ಮನೆತನದಲ್ಲಿ. ಬಡಕಲು ಮೈ, ತೊದಲು ಮಾತು. ಡಚ್ಚರ ದಂಡಿನಲ್ಲಿ ಸೋದರಮಾವಂದಿರಾದ ಮೌರಿಸ್ ಮತ್ತು ಫ್ರೆಡ್ರಿಕ್ ಹೆನ್ರಿ ಇವರ ಕೈಕೆಳಗೆ ಯುದ್ಧವಿದ್ಯೆ ಕಲಿತ. ನಡುವೆ ಒಮ್ಮೆ ಫ್ರಾನ್ಸಿನ ರಾಜನ ವಿರುದ್ಧವೇ ಕತ್ತಿ ಹಿರಿದ. ಆಮೇಲೆ ರಾಜನ ಕಡೆ ಬಂದು ಬಂಡಾಯವನ್ನು ಅಡಗಿಸಿದ.

ಇನ್ನೊಂದನ್ನು ಮುಚ್ಚಿಡಲಾರೆ. ಅದೇ 1674ರ ಬೇಸಿಗೆಯಲ್ಲಿ ರೈನ್ ದಡದ ಪ್ಯಾಲಟಿನೇಟ್ ಹಳ್ಳಿಗಳನ್ನು ಸುಟ್ಟದ್ದು ಇವನದೇ ಸೇನೆ. ಆ ರೈತರ ಪಾಲಿಗೆ ಟ್ಯುರೆನ್ ಎಂದರೆ ಬೆಂಕಿ.

1675ರ ಜುಲೈ 27. ರೈನ್ ನದಿಯ ಮೂಡಣ ಕಡೆಯ ಸಾಸ್‌ಬಾಖ್‌ನಲ್ಲಿ ರಣರಂಗ ನೋಡುತ್ತಿದ್ದಾಗ ಫಿರಂಗಿ ಗುಂಡೊಂದು ಪಕ್ಕದಲ್ಲಿದ್ದ ಫಿರಂಗಿದಳದ ಸೇಂಟ್ ಇಲೇರ್‌ನ ತೋಳು ಕಿತ್ತು ಟ್ಯುರೆನ್‌ಗೆ ಬಡಿಯಿತು. ತಂದೆಯ ಗತಿ ಕಂಡು ಇಲೇರ್‌ನ ಮಗ ಅತ್ತ. ನನಗಾಗಿ ಅಳಬೇಡ ಮಗನೇ, ಅಲ್ಲಿ ಬಿದ್ದಿರುವ ಆ ದೊಡ್ಡ ಮನುಷ್ಯನಿಗಾಗಿ ಅಳು ಎಂದನಂತೆ ತಂದೆ. ಕೆಲವೇ ದಿನಗಳಲ್ಲಿ ನಾಯಕನಿಲ್ಲದ ಆ ದಂಡು ರೈನ್ ದಾಟಿ ಹಿಂದಿರುಗಿತು.

ನಮಸ್ಕಾರ.